ಜಾಲಿಮುಳ್ಳು ಚುಚ್ಚಿದ ಹಾಳೆಗಳು

ಇಂಗ್ಲಿಷ್ ಮೇಷ್ಟ್ರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಸತ್ತವರನ್ನು ಹಾಗೆಲ್ಲ ಅನ್ನಬಾರದು ಎಂದು ಮನೆಯಲ್ಲಿ ನನ್ನನ್ನೇ ಗದರುತ್ತಾರೆ. ನಾನು ಅನ್ನುವುದು ಬಿಟ್ಟಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಮ್ಮೂರು ಆದೋನಿ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿದ ಹೊಸತು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹುಡುಗಿಯರು ಹೋಗುವಂಥ ಕಾಲೇಜು ಊರಲ್ಲಿರಲಿಲ್ಲ, ಆದರೆ ಮನೆಯಲ್ಲೇ ಓದಿ ಇಂಟರ್ಮೀಡಿಯಟ್ ಪರೀಕ್ಷೆಗೆ ಕೂರಬಹುದಿತ್ತು. ಅಪ್ಪನ ಕರಾರು ಎರಡೇ ಮಾತಿನದು. ಪಾಸಾದರೆ ಅನಂತಪುರದಲ್ಲಿ ಬಿ.ಎ. ಓದಿಸುತ್ತೇನೆ, ಫೇಲಾದರೆ ನಂದವರದ ಸೋದರಮಾವನ ಜೊತೆ ಮದುವೆ. ಮಾವ ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವನು. ಅವನನ್ನು ಗಂಡ ಅಂದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಹಗಲಿರುಳೆನ್ನದೆ ಓದಿದ್ದು ಈ ಹೆದರಿಕೆಗೆ.

ಇಂಗ್ಲಿಷ್ ಹೇಳಿಕೊಡಲು ಅಪ್ಪ ತಮ್ಮ ಸ್ನೇಹಿತರೊಬ್ಬರನ್ನು ಗೊತ್ತುಮಾಡಿದರು. ಹೈಸ್ಕೂಲಿನಿಂದ ಆಗಷ್ಟೇ ರಿಟೈರಾದವರು, ಕೋಟಿನ ಗುಂಡಿ ಕುತ್ತಿಗೆವರೆಗೆ ಹಾಕಿಕೊಂಡು ಬರುತ್ತಿದ್ದರು. ನಮಗಿದ್ದ ಪಠ್ಯ ಮುನ್ನೂರೈವತ್ತು ವರ್ಷ ಹಳೆಯ ಕವಿಗಳದು, ಹದಿನೇಳನೆಯ ಶತಮಾನದ ಶುರುವಿನವರು. ಆ ಪುಸ್ತಕ ಆದೋನಿಯಲ್ಲಿ ಬೇರೆಲ್ಲೂ ಸಿಗಲಿಲ್ಲ. ಮೇಷ್ಟ್ರು ಮದರಾಸಿನಲ್ಲಿ ಓದುವಾಗ ಕೊಂಡಿದ್ದ ತಮ್ಮದನ್ನೇ ನನಗೆ ಕೊಟ್ಟರು. ಕೊಡುವ ಮುಂಚೆ ಒಂದು ಕೆಲಸ ಮಾಡಿದರು. ಆ ಕಾಲದಲ್ಲಿ ಕಚೇರಿಗಳಲ್ಲಿ ಗುಂಡುಪಿನ್ನಿನ ಬದಲು ಕಾಗದಕ್ಕೆ ಜಾಲಿಮುಳ್ಳು ಚುಚ್ಚುತ್ತಿದ್ದರು. ಅಪ್ಪನಿಂದ ಒಂದು ಹಿಡಿ ಮುಳ್ಳು ತರಿಸಿಕೊಂಡು, ಪುಸ್ತಕದ ಮೊದಲರ್ಧದ ಹಾಳೆಗಳನ್ನು ಕಂತೆಕಂತೆಯಾಗಿ ಮುಚ್ಚಿ, ಅಂಚಿಗೆ ಚುಚ್ಚಿಬಿಟ್ಟರು. ಅವೆಲ್ಲ ಪ್ರೇಮದ ಕವಿತೆಗಳಂತೆ. ಪರೀಕ್ಷೆಗೆ ಬರುವುದಿಲ್ಲವಂತೆ. ಅಪ್ಪ ಅಷ್ಟಕ್ಕೇ ಬಿಡಲಿಲ್ಲ, ಮುಳ್ಳು ಕೀಳುವುದಿಲ್ಲ ಎಂದು ನಮ್ಮ ದೇವರು ಉರುಕುಂದ ಈರಣ್ಣನ ಮೇಲೆ ನನ್ನಿಂದ ಆಣೆ ಮಾಡಿಸಿದರು.

ಆ ಕವಿಗಳು ವಯಸ್ಸಿನಲ್ಲಿ ಹೆಂಗಸರ ಮೇಲೆ ಬರೆದು, ತಲೆ ನರೆತ ಮೇಲೆ ಪಾದ್ರಿಗಳಾಗಿ ದೇವರ ಮೇಲೆ ಬರೆದರಂತೆ. ಅವರೇ ಪಶ್ಚಾತ್ತಾಪ ಪಟ್ಟಿದ್ದಾರೆ, ನಮಗೆ ಆ ಪಶ್ಚಾತ್ತಾಪ ಸಾಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಹೀಗಾಗಿ ಪಡಸಾಲೆಯಲ್ಲಿ ಕೂತು ಮಧ್ಯಾಹ್ನದ ಉರಿಯಲ್ಲಿ ನಾನು ಓದಿದ್ದು ಬರೀ ಸಾವು. ಲಂಡನ್ನಿನ ಪ್ಲೇಗು, ಗೋರಿ, ತಲೆಬುರುಡೆ, ಹುಳ ಹಿಡಿದ ಮೈ. ಪಕ್ಕದಲ್ಲಿ ಕಾವಲಿಗೆಂದು ಅಜ್ಜಿ, ಅಪ್ಪನ ತಾಯಿ, ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ಹೊಳಗುಂದದ ಕಡೆಯವಳು, ಓದುಬರಹ ಇಲ್ಲ. ಹದಿನೇಳರ ಹುಡುಗಿಗೆ ಹೆಣದ ವರ್ಣನೆ ಬಾಯಿಪಾಠ ಮಾಡಿಸಬಹುದು, ಒಬ್ಬ ಗಂಡಸು ಹೆಂಡತಿಯ ಕೈ ಹಿಡಿದದ್ದನ್ನು ತೋರಿಸಬಾರದು. ಎಂಥ ಮರ್ಯಾದೆ ಇವರದು!

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಅನಂತಪುರಕ್ಕೆ ಹೋಗಿ ಪರೀಕ್ಷೆ ಬರೆದೆ. ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದೆ. ಕವಿತೆಯ ದೊಡ್ಡ ಪ್ರಶ್ನೆಗಳೆಲ್ಲ ಮುಳ್ಳಿನ ಹಿಂದಿನವು. ಕೇಳಿದ್ದು ಪ್ರೇಮ, ನಾನು ಬರೆದದ್ದು ಗೋರಿ. ಉಳಿದ ವಿಷಯಗಳಲ್ಲೆಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಫೇಲಾದೆ. ಆ ವಾರವೇ ಅಪ್ಪ ನಂದವರಕ್ಕೆ ಕಾಗದ ಬರೆದರು.

ಕಾಗದ ಹೋದ ದಿನ ಪುಸ್ತಕವನ್ನು ಗೋಡೆಗೆ ಎಸೆದು ಅತ್ತೆ. ಅಜ್ಜಿ ಅದನ್ನು ಎತ್ತಿಕೊಂಡು ಬಂದು ಕೂತಳು. ಮುಳ್ಳು ಕಿತ್ತು ಓದಬಾರದಿತ್ತೇನು ಎಂದು ಕೇಳಿದಳು. ಆಣೆಯ ಮಾತು ಹೇಳಿದೆ.

"ಆಣಿ ಮಾಡಿದಾಕಿ ನೀನು. ನಾನೇನು ಮಾಡಿಲ್ಲಲ," ಅಂದಳು.

ಕಾಲಿನ ಮುಳ್ಳು ತೆಗೆಯುವಷ್ಟೇ ಜೋಪಾನವಾಗಿ ಒಂದೊಂದನ್ನೇ ಕಿತ್ತು ಮಡಿಲಲ್ಲಿ ಹಾಕಿಕೊಂಡಳು. ಆಮೇಲೆ ಪುಸ್ತಕದ ಎರಡು ಭಾಗಗಳ ಅಂಚಿಗೂ ಬೆರಳಾಡಿಸಿ ನೋಡಿದಳು. ದೇವರ ಕವಿತೆಗಳ ಹಾಳೆ ನಾನು ನಾಲ್ಕು ತಿಂಗಳು ತಿರುವಿದ್ದರೂ ಇನ್ನೂ ಗರಿಗರಿಯಾಗಿತ್ತು. ಮುಳ್ಳಿನವು ಮೆತ್ತಗಾಗಿ, ಮೂಲೆಯಲ್ಲಿ ಜಿಡ್ಡು ಹಿಡಿದಿದ್ದವು.

"ಇವನ್ನ ಯಾರೋ ಭಾಳ ತಿರುವ್ಯಾರ ನೋಡು. ಅವನ್ನ ನಿನ್ನ ಬಿಟ್ಟು ಯಾರೂ ಮುಟ್ಟೇ ಇಲ್ಲ."

ಓದು ಬಾರದ ಅಜ್ಜಿ ಹೇಳಿದ ಮೇಲೆ ನಾನು ಕಣ್ಣೊರೆಸಿಕೊಂಡು ನೋಡಿದೆ. ಪ್ರತಿ ಸಾಲಿನ ಕೆಳಗೂ ಮೇಷ್ಟ್ರ ಅಕ್ಷರ. ಪೆನ್ಸಿಲಿನಲ್ಲಿ, ಇರುವೆಯಷ್ಟು ಸಣ್ಣಗೆ, ಕನ್ನಡದಲ್ಲಿ ಅರ್ಥ. ಕೆಲವು ಕಡೆ ಒಂದೇ ಸಾಲನ್ನು ಮೂರು ಬಗೆಯಾಗಿ ಬರೆದು ನೋಡಿದ್ದರು. ನಾಲ್ಕು ತಿಂಗಳು ನನ್ನ ಬಾಯಿಗೆ ಗೋರಿಯ ಮಣ್ಣು ತುಂಬಿದ ಮನುಷ್ಯ, ತಾನು ಮಾತ್ರ ಇದನ್ನು ಹೀಗೆ ಓದಿದ್ದ. ನನ್ನ ಅಳು ಅಲ್ಲಿಗೇ ನಿಂತಿತು.

ಮರುದಿನ ಅಪ್ಪನೂ ಮೇಷ್ಟ್ರೂ ಪಡಸಾಲೆಯಲ್ಲಿ ಕೂತು ಮದುವೆಯ ತಿಂಗಳು ಮಾತಾಡುತ್ತಿದ್ದರು. ಮೇಷ್ಟ್ರು ನನ್ನ ಹಣೆಬರಹದ ಬಗ್ಗೆ ಏನೋ ಸಮಾಧಾನ ಹೇಳಿದರು. ಪುಸ್ತಕ ಬಿಚ್ಚಿ ಇಬ್ಬರ ನಡುವೆ ಇಟ್ಟೆ.

"ಇವು ಪರೀಕ್ಷೆಗೆ ಬರಲ್ಲ ಅಂದ್ರಿ ಸಾರ್. ಮತ್ತ ನೀವು ಯಾವ ಪರೀಕ್ಷೆಗೆ ಓದಿದ್ರಿ?"

ಅಪ್ಪನಿಗೆ ಸ್ನೇಹಿತನ ಅಕ್ಷರ ಗುರುತಿತ್ತು. ನಾಲ್ಕಾರು ಹಾಳೆ ತಿರುವಿದರು, ತಲೆ ಎತ್ತಲಿಲ್ಲ. ಮೇಷ್ಟ್ರು ಕೋಟಿನ ಮೇಲಿನ ಗುಂಡಿ ಬಿಚ್ಚುತ್ತ, "ನಮ್ಮ ಮನಿಯಾಕಿಗೂ ಇವನ್ನ ಓದಿ ಹೇಳಿಲ್ಲಮ್ಮ ನಾನು," ಅಂದರು. ಆ ಮಾತಿಗೆ ನನಗೆ ಕರುಣೆ ಬರಬೇಕಿತ್ತೇನೋ. ಬರಲಿಲ್ಲ, ಉರಿ ಇನ್ನೂ ಹೆಚ್ಚಾಯಿತು. ಮುಳ್ಳು ತಂದುಕೊಟ್ಟವನು ನೀನೇ ಎಂದು ಅಜ್ಜಿ ಮಗನನ್ನು ಒಳಗೆ ಕರೆದು ಚೆನ್ನಾಗಿ ಉಗಿದಳು. ನಂದವರಕ್ಕೆ ಇನ್ನೊಂದು ಕಾಗದ ಹೋಯಿತು, ಫೇಲಾದವರಿಗಿದ್ದ ಸೆಪ್ಟೆಂಬರ್ ಪರೀಕ್ಷೆ ಆಗುವವರೆಗೆ ಮಾತು ಬೇಡವೆಂದು.

ಸೆಪ್ಟೆಂಬರಿನಲ್ಲಿ ಪಾಸಾದೆ. ಅದೂ ಅವರ ಪೆನ್ಸಿಲಿನ ಅರ್ಥ ಓದಿಕೊಂಡೇ. ಆ ಹಂಗು ಇವತ್ತಿಗೂ ಚುಚ್ಚುತ್ತದೆ.

ಅನಂತಪುರಕ್ಕೆ ಹೊರಡುವ ಮುಂಚೆ ಪುಸ್ತಕ ವಾಪಸು ಕೊಡಲು ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. ಮೇಷ್ಟ್ರು ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ ಎಂದರು. ಕೈಯಲ್ಲಿ ಹಿಟ್ಟು, ಜೋಳದ ರೊಟ್ಟಿ ತಟ್ಟುತ್ತಿದ್ದಿರಬೇಕು. ಅದೇನು ಪುಸ್ತಕವೆಂದು ಕೇಳಿದರು. ಕೊಟ್ಟು ಬರುವುದಷ್ಟೇ ನನ್ನ ಕೆಲಸ. ಆದರೂ ಕಟ್ಟೆಯ ಮೇಲೆ ಕೂತು, ಎಲ್ಲಕ್ಕಿಂತ ಹೆಚ್ಚು ಜಿಡ್ಡು ಹಿಡಿದ ಹಾಳೆ ತೆಗೆದು, ಪೆನ್ಸಿಲಿನ ಕನ್ನಡವನ್ನು ಗಟ್ಟಿಯಾಗಿ ಓದಿದೆ. ಒಬ್ಬ ಗಂಡ ತನ್ನ ಹೆಂಡತಿಗೆ ಹೇಳುವುದು, ನಿನ್ನ ಪಕ್ಕ ಕೂತು ಕಳೆದ ಹೊತ್ತೇ ನನ್ನ ಆಯುಷ್ಯ, ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು. ಒಳಗೆ ಮಂಚ ಕಿರುಗುಟ್ಟಿತು, ಯಾರೂ ಹೊರಗೆ ಬರಲಿಲ್ಲ.

ಆಕೆ ಹಿಟ್ಟಿನ ಕೈಯನ್ನು ಹಾಗೇ ಮೇಲೆ ಹಿಡಿದುಕೊಂಡು ನಿಂತಿದ್ದರು. ಇದನ್ನು ಕನ್ನಡದಲ್ಲಿ ಬರೆದವರು ಯಾರು ಎಂದು ಕೇಳಿದರು. ಹೇಳಿದೆ.

ಒಮ್ಮೆ ಒಳಗಿನ ಬಾಗಿಲ ಕಡೆ ನೋಡಿ, "ಇವರಿಗೆ ಇಂಥಾ ಮಾತು ಬರ್ತಿತ್ತಾ?" ಅಂದರು.