ಬಡ್ತಿ ಸಿಕ್ಕ ದಿನ ಸಂತಪುರದ ಬೇವಿನ ಮರ

ಗೆಳೆಯರೇ, ಇಂದು ನನಗೆ ಬಡ್ತಿ ಸಿಕ್ಕಿತು. ಮಾನಸಿಕ ಕಾಯಿಲೆಯವರ ಮನೆಗಳಿಗೆ ಹೋಗಿ, ಜೊತೆಗೆ ಕೂತು ಮಾತಾಡಿಸುವ ಸಹಾಯಕಿಯಾಗಿದ್ದೆ. ನಾಳೆಯಿಂದ ಬೀದರಿನ ಕಚೇರಿಯಲ್ಲಿ ಮೇಲ್ವಿಚಾರಕಿ.

ಹೇಳಿ ಬರೋಣವೆಂದು ಸಂತಪುರದ ಶಾಂತಮ್ಮಜ್ಜಿಯ ಮನೆಗೆ ಹೋದೆ. ನನ್ನನ್ನು ಬಿಟ್ಟು ಬೇರೆ ಯಾರೊಂದಿಗೂ ಆಕೆ ಬಾಯಿ ಬಿಡುವುದಿಲ್ಲ.

"ಇನ್ನ ನಾ ಬರಂಗಿಲ್ಲರಿ ಆಯಿ, ಮ್ಯಾಲಿನ ನೌಕರಿ ಸಿಕ್ಕದ" ಎಂದೆ.

ಅಜ್ಜಿ ಬಾಗಿಲಾಚೆಯ ಬಿಸಿಲನ್ನೇ ನೋಡುತ್ತ ಕನಸಿನಲ್ಲೆಂಬಂತೆ ಹೇಳಿದಳು. "ನಾ ಸಣ್ಣಾಕಿ ಇದ್ದಾಗ ಅಪ್ಪ ಅಂದಿದ್ದ, ನಾಳಿಂದ ನಮ್ಮೂರು ಹೈದರಾಬಾದ ಬಿಟ್ಟು ಮೈಸೂರ ರಾಜ್ಯಕ್ಕ ಸೇರ್ತದ ಅಂತ. ಮುಂಜಾನಿ ಎದ್ದು, ಮೈಸೂರ ಅರಮನಿ ಬರ್ತದಂತ ನೋಡ್ಲಾಕ ಇದೇ ಬಾಗಿಲದಾಗ ಕುಂತಿದ್ದೆ. ಅದೇ ಬೇವಿನ ಗಿಡ, ಅದೇ ಎಮ್ಮಿ. ಸಂಜಿತನಕ ಕಾದೆ ನೋಡವ್ವ."

ಅಷ್ಟರಲ್ಲಿ ಕಚೇರಿಯ ಸಾಹೇಬರ ಫೋನ್ ಬಂತು. "ಬಡ್ತಿ ಆಯ್ತಲ್ಲರಿ, ಖುಷಿ ಆಯ್ತು. ಆದ್ರ ನಿಮ್ಮ ಜಾಗಕ್ಕ ಯಾರೂ ಸಿಕ್ಕಿಲ್ಲ. ಹೊಸಬರು ಬರೋತನಕ ಆ ಮನಿಗಳಿಗೂ ನೀವೇ ಹೋಗ್ರಿ."

ಹೊರಗೆ ನೋಡಿದೆ. ಬೇವಿನ ಮರ ಅಲ್ಲೇ ಇತ್ತು. ಎಮ್ಮೆ ಮಾತ್ರ ಬೇರೆ.

ವಿಷಯ ಹೇಳಿದಾಗ ಅಜ್ಜಿ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ಕುಂದ್ರು ಬಾ. ಅರಮನಿ ಬರೋತನಕ ಇಬ್ಬರೂ ಕಾಯಮು."