ಬಾಯಿಲೆ ಹೇಳಬೇಕಾದ ಹೆಸರು

ನರಗುಂದದಾಗ ಅರ್ಜಿ-ಕಾಗದ ತುಂಬಿಕೊಡೋ ನಂದೊಂದು ಸಣ್ಣ ಆನ್‌ಲೈನ್ ಅಂಗಡಿ. ಅವತ್ತ ಹೊಳೆಆಲೂರಿನ ಶಾಂತವ್ವ ಅಫಿಡವಿಟ್ ಮಾಡಿಸಾಕ ಬಂದಿದ್ಲು. ಗಂಡ ಹುಬ್ಬಳ್ಳಿ ದವಾಖಾನ್ಯಾಗ, ಮರುದಿನ ಹೃದಯದ ಆಪರೇಷನ್. ಆಧಾರ್ ಕಾರ್ಡಿನ್ಯಾಗ ಅವರದು ಒಂದ ಹೆಸರು, ರೇಷನ್ ಕಾರ್ಡಿನ್ಯಾಗ ಇನ್ನೊಂದು. ಎರಡೂ ಅವರ ಹೆಸರೇ ಅಂತ ಹೆಂಡತಿ ಬರದುಕೊಡದಿದ್ರ ಆಪರೇಷನ್ ಇಲ್ಲ ಅಂದಿದ್ರಂತ.

ನಾನು ಅರ್ಜಿ ಎಲ್ಲಾ ತುಂಬಿದೆ. ಕಡೀಕ ಕ್ಯಾಮೆರಾ ತೆರಕೊಂಡು ಕಂಪ್ಯೂಟರ್ ಮಾತಾಡ್ತು: "ನಿಮ್ಮ ಗಂಡನ ಹೆಸರನ್ನು ಜೋರಾಗಿ ಹೇಳಿ. ಮೂರೇ ಅವಕಾಶ."

ಆಕಿ ಬಾಯಿಗೆ ಸೆರಗು ಹಿಡಿದ್ಲು. "ನಲವತ್ತ ವರ್ಷದಾಗ ಒಮ್ಮಿನೂ ಹೇಳಿಲ್ಲ ತಂಗಿ. ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗತೈತಿ. ಇವತ್ತ ಹ್ಯಾಂಗ ಹೇಳ್ಲಿ?"

ಎರಡು ಅವಕಾಶ ಹಂಗ ಹೋದ್ವು. ಉಳಿದದ್ದು ಒಂದ.

"ಯವ್ವಾ, ಏನೂ ಆಗಂಗಿಲ್ಲ, ಹೇಳು" ಅಂತ ಗದರಿದೆ. ಕಣ್ಣ ಮುಚ್ಚಿ ಹೇಳಿಬಿಟ್ಲು.

ಹಸಿರು ಗುರುತು ಬಿತ್ತು. ಆ ಕ್ಷಣಕ್ಕ ಆಕಿ ಫೋನು ಬಡಕೊಂತು. ದವಾಖಾನ್ಯಾಗಿದ್ದ ಮಗಳ ನಂಬರು. ಆಕಿ ಮುಟ್ಟಲಿಲ್ಲ. ನಾನ ಎತ್ತಿ ಸ್ಪೀಕರ್ ಹಾಕಿದೆ.

"ಕಾಗದ ಆತೇನ? ಊಟಾ ಮಾಡಿದೇನ?" ಆಕಿ ಗಂಡನ ದನಿ.

ಶಾಂತವ್ವ ಅಳಕೋತ ನಕ್ಕು, "ನಿನ್ನ ಗಂಡನ ಹೆಸರೇನ ತಂಗಿ?" ಅಂದ್ಲು.

ಗ್ವಾಡಿ ಮ್ಯಾಲಿನ ಅಂಗಡಿ ಲೈಸೆನ್ಸಿನ್ಯಾಗ ಬರದಿದ್ದ ಹೆಸರನ್ನ ಬಟ್ಟು ಮಾಡಿ ತೋರಿಸಿದೆ. ನಮ್ಮವರು ಆಗ ಬೈಕ್ ಮ್ಯಾಲೆ ಗದಗ ಹಾದ್ಯಾಗಿದ್ರು.