ಹದಿನಾಲ್ಕರ ಸುಳ್ಳು

ಗುಂಡೂ ಮಾಮಾ, ನಿಮ್ಮ ಕಾಲಿಗೆ ಏನೂ ಆಗಿಲ್ಲ. ಮೈಲೇಜಿನ ವಿಷಯದಲ್ಲಿ ಸುಳ್ಳು ಹೇಳಿದವನು ನಾನು. ಐದು ವರ್ಷ ಆಯಿತು. ನನ್ನ ಕಾರು ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಕೊಟ್ಟದ್ದು ಯಾವತ್ತೂ ಇಲ್ಲ — ನನ್ನ ಕೈಯಲ್ಲಿ ಹತ್ತು, ಬಹಳವೆಂದರೆ ಹತ್ತೂವರೆ. ಇದನ್ನು ಬರೆಯುವಾಗ ನಾಚಿಕೆಯಿಂದ ತಲೆ ತಗ್ಗಬೇಕಿತ್ತು, ತಗ್ಗಿಯೂ ಇದೆ. ಆದರೆ ಅದಕ್ಕಿಂತ ಹೆಚ್ಚಾಗಿ ಎದ್ದು ಕುಣಿಯುವಷ್ಟು ಖುಷಿಯಾಗುತ್ತಿದೆ. ಯಾಕೆ ಎಂದು ಕೊನೆಗೆ ಹೇಳುತ್ತೇನೆ, ಮೊದಲು ನನ್ನ ತಪ್ಪು ಹೇಳಿ ಮುಗಿಸಿಬಿಡುತ್ತೇನೆ.

ಆ ಕಾರು ತಂದಾಗ ನನಗೆ ನೆಲವೇ ಕಾಣುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಆದರೇನು — ಎಂಟು ಸಿಲಿಂಡರಿನ ಎಂಜಿನ್ನು, ಕಪ್ಪು ಬಣ್ಣ, ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸ್ಟಾರ್ಟ್ ಮಾಡಿದರೆ ಎರಡನೇ ಮಹಡಿಯವರು ಕಿಟಕಿ ತೆಗೆಯುತ್ತಿದ್ದರು. ಯುಗಾದಿ ಊಟಕ್ಕೆ ಕುಷಾಯಿಗೂಡದ ನಿಮ್ಮ ಮನೆಗೆ ಅದರಲ್ಲೇ ಬಂದೆ. ನೀವು ಒಂದು ಸುತ್ತು ಹಾಕಿ ನೋಡಿ, ಬಾನೆಟ್ ಮೇಲೆ ಕೈಯಿಟ್ಟು, ಆಮೇಲೆ ಊಟಕ್ಕೆ ಕೂತಾಗ ಎಲ್ಲರ ಎದುರಿಗೆ ಅಂದಿರಿ:

“ಭಾಳ ಚಲೋ ಐತಿ. ಆದ್ರ ಇದನ್ನ ಸಾಕೋದು ಹೆಂಗೋ ಅನಂತಾ? ಹತ್ತು ದಾಟಂಗಿಲ್ಲ ಇದು.”

“ಹದಿನಾಕು ಕೊಡತೈತ್ರಿ ಮಾಮಾ,” ಅಂದೆ. ಎಲ್ಲಿಂದ ಬಂತೋ ಆ ಸಂಖ್ಯೆ — ಬಾಯಿಗೆ ಬಂತು, ಅಷ್ಟೆ.

“ಕೊಟ್ರ ನಾನೂ ಅಂಥಾದ್ದ ಒಂದು ತರತೀನಿ!”

ಮಾಮಿ ಹೋಳಿಗೆ ಬಡಿಸುತ್ತಿದ್ದವರು ಹಾಗೇ ನಿಂತರು. ಮೂವತ್ತು ವರ್ಷ ನೀವು ಫ್ಯಾಕ್ಟರಿ ಬಸ್ಸಿನಲ್ಲಿ ಓಡಾಡುತ್ತ ದೊಡ್ಡ ಕಾರಿನ ಕನಸು ಕಂಡವರು, ಪೆಟ್ರೋಲಿನ ಹೆಸರು ಹೇಳಿ ಅದನ್ನು ತಡೆದವರು ಅವರು. ಹೀಗೆ ಬಿದ್ದ ಪಂದ್ಯ ನಿಜವಾಗಿ ಇದ್ದದ್ದು ನಿಮ್ಮಿಬ್ಬರ ನಡುವೆ.

ಮುಂದಿನ ಭಾನುವಾರ ಮೈಲೇಜು ಅಳೆಯಲು ಹೊರಟೆವು. ಊರನ್ನು ಬಳಸುವ ಔಟರ್ ರಿಂಗ್ ರೋಡಿನ ಪೂರ್ತಿ ಒಂದು ಸುತ್ತು, ಹೊರಟ ಬಂಕಿಗೇ ವಾಪಸ್. ಟ್ಯಾಂಕ್ ತುಂಬಿಸಿ ಹೊರಡುವುದು, ಬಂದು ಮತ್ತೆ ತುಂಬಿಸುವುದು, ಎರಡನೇ ಸಲ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚಾಯಿತು ಎಂದು ಲೆಕ್ಕ. ಅದರಲ್ಲೂ ನಿಮ್ಮದೊಂದು ಪದ್ಧತಿ — ಪೈಪು ಟಕ್ ಎಂದು ನಿಂತ ಮೇಲೆ ನಾಲ್ಕು ಜನ ನಿಂತು ಕಾರನ್ನು ಅತ್ತಿತ್ತ ಅಲುಗಿಸಬೇಕು. ಒಳಗೆ ಸಿಕ್ಕಿದ ಗಾಳಿ ಹೊರಗೆ ಬರುತ್ತದೆ, ಇನ್ನೂ ಮೂರು ನಾಲ್ಕು ಲೀಟರ್ ಇಳಿಯುತ್ತದೆ. ಹೊರಡುವಾಗ ನೀವೇ ಪಂಚೆ ಎತ್ತಿ ಕಟ್ಟಿ, ನಿಮ್ಮ ತಮ್ಮಂದಿರನ್ನೆಲ್ಲ ಕರೆದು ಕಾರು ಅಲುಗಿಸಿದಿರಿ. ಬಂಕಿನವರೆಲ್ಲ ನಕ್ಕರು.

ಎಷ್ಟು ಚೆಂದ ಓಡಿಸಿದೆ ಅವತ್ತು! ನೀವು ಎಡಗಡೆ ಕೂತಿದ್ದಿರಿ. ತಮ್ಮ ಹಳೆಯ ಸಣ್ಣ ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದ ಗುರು ಪಕ್ಕದಲ್ಲಿ, ಎಂಬತ್ತಕ್ಕೆ ನಿಂತ ವೇಗದ ಮುಳ್ಳು ಅಲ್ಲಾಡಲಿಲ್ಲ. ಆದರೆ ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ನನಗೆ ಗೊತ್ತಾಗಿತ್ತು — ಆಗುವುದಿಲ್ಲ. ಪೆಟ್ರೋಲಿನ ಮುಳ್ಳು ಕೆಳಗೆ ಬಂದಿತ್ತು.

ಬಂಕಿಗೆ ಬಂದಾಗ ಎಲ್ಲರಿಗೂ ಹಸಿವು. ತುಂಬಿಸುವುದನ್ನು ನಿಂತು ನೋಡೋಣ ಎಂದು ಯಾರೋ ಅಂದರು. ನೀವು ಕೈ ಬೀಸಿಬಿಟ್ಟಿರಿ.

“ಅಂವ ಪಟಾನ್‌ಚೆರು ಔಷಧ ಫ್ಯಾಕ್ಟರಿ ಲ್ಯಾಬಿನ್ಯಾಂವ. ಹನಿ ಹನಿ ಅಳಿಯೋದ ಅವನ ಕೆಲಸ. ಅವನ ಮ್ಯಾಲೆ ಕಾವಲು ಯಾರ್ ನಿಂದರಬೇಕು? ನಡೀರಿ, ಇಡ್ಲಿ ತಿನ್ನೂಣು.”

ಪೈಪು ಟಕ್ ಎಂದಿತು. ಬಂಕಿನವನು ತಾನೇ ಕಾರಿಗೆ ಕೈ ಹಚ್ಚಿ, “ಸಾಬ್, ಔರ್ ಜಾಯೇಗಾ,” ಅಂದ. ಇನ್ನೂ ಹಿಡಿಯುತ್ತದೆ — ನನಗೆ ಗೊತ್ತಿಲ್ಲವೇ? “ಬಸ್, ಬಸ್,” ಸಾಕು ಅಂದೆ.

ಹಿಡಿಯದೆ ಉಳಿದ ನಾಲ್ಕು ಲೀಟರ್ ಚೀಟಿಗೆ ಬರಲಿಲ್ಲ, ಆ ಎರಡು ಮಾತಿನಲ್ಲಿ ನನ್ನ ಹತ್ತು ಹದಿನಾಲ್ಕಾಯಿತು. ಚೀಟಿ ಹಿಡಿದು ಹೋಟೆಲಿಗೆ ಬಂದೆ. ನೀವು ಎಂಜಲು ಕೈಯಲ್ಲೇ ಎದ್ದು ನನ್ನನ್ನು ತಬ್ಬಿಕೊಂಡಿರಿ. “ಗೆದ್ದಿ ನೋಡ ಮಗನ!” — ಸೋತವರು ನೀವು, ಮಾಮಾ, ಆದರೂ ಗೆದ್ದವನಿಗಿಂತ ಹೆಚ್ಚು ಸಂತೋಷ ನಿಮಗೆ. ಆ ಕ್ಷಣದಲ್ಲಿ ನನಗೂ ನಾನು ಗೆದ್ದೆ ಎಂದೇ ಅನಿಸಿತ್ತು. ಸುಳ್ಳು ಹೇಳುವುದಿಲ್ಲ, ಆ ಸುಖ ದೊಡ್ಡದು.

ಮೂರು ತಿಂಗಳಲ್ಲಿ ನಿಮ್ಮ ಮನೆಮುಂದೆ ಅಂಥದ್ದೇ ಕಾರು, ಬಿಳಿಯದು. ಟೈರು, ಬ್ರೇಕು, ಸರ್ವಿಸಿಂಗು — ನನ್ನ ಕೈ ಹೇಗೆ ಸುಡುತ್ತಿತ್ತು ಎಂದು ನಿಮಗೆ ಒಂದು ಮಾತೂ ಹೇಳಲಿಲ್ಲ. ಆದರೆ ನೀವು ಆ ಖರ್ಚಿಗೆ ಬೇಸರಪಡಲೇ ಇಲ್ಲ. ನಿಮ್ಮನ್ನು ಕೊರೆದದ್ದು ಹದಿನಾಲ್ಕು. ರಿಂಗ್ ರೋಡ್ ಸುತ್ತಿದಿರಿ, ಕಾರು ಅಲುಗಿಸಿ ಅಲುಗಿಸಿ ತುಂಬಿಸಿದಿರಿ, ಹನ್ನೊಂದು ದಾಟಲಿಲ್ಲ. ಗ್ಯಾರೇಜಿನವರು ಕಾರು ಸರಿಯಾಗಿದೆ ಅಂದರು. ಕಾರು ಸರಿಯಾಗಿದ್ದರೆ ತಪ್ಪು ಎಲ್ಲಿ? ಎರಡು ವರ್ಷದ ಹಿಂದೆ ಒಂದು ದಿನ ನೀವು ಚಪ್ಪಲಿ ಕಳಚಿ ಬಲಗಾಲು ನೋಡಿಕೊಳ್ಳುತ್ತ ಅಂದಿರಿ:

“ಸಕ್ಕರಿ ಕಾಲಿಗೆ ಇಳದೈತಿ ಅನಂತಾ. ಆಕ್ಸಿಲರೇಟರ್ ಒತ್ತೀನೋ ಬಿಟ್ಟೀನೋ ನನಗ ತಿಳಿವಲ್ದು.”

ಡಾಕ್ಟರು ಏನೂ ಇಲ್ಲ ಅಂದರು. ನೀವು ಡಾಕ್ಟರನ್ನು ನಂಬಲಿಲ್ಲ, ನನ್ನ ಹದಿನಾಲ್ಕನ್ನು ನಂಬಿದಿರಿ. ಆವತ್ತೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — ಮಾಮಿ ಚಹಾ ತಂದರು, ಮಾತು ಬೇರೆ ಕಡೆ ಹೋಯಿತು, ನಾನು ಹೋಗಲು ಬಿಟ್ಟೆ. ಆಮೇಲೆ ಎರಡು ವರ್ಷ ನೀವು ಸ್ಟೀರಿಂಗ್ ಮುಟ್ಟಲಿಲ್ಲ. ನನ್ನ ಪಕ್ಕ ಕೂತಾಗ ನಿಮ್ಮ ಬಲಗಾಲು ಮ್ಯಾಟಿನ ಮೇಲೆ ತಾನೇ ಒತ್ತುತ್ತಿತ್ತು, ಬಿಡುತ್ತಿತ್ತು. ನಾನು ರಸ್ತೆ ನೋಡುತ್ತಿದ್ದೆ.

ಈಗ ಕಾರು ಮಾರುತ್ತೇನೆ, ಲೈಸೆನ್ಸೂ ಮುಗಿಯುತ್ತದೆ, ಇನ್ನು ಸಾಕು ಎಂದು ನೀವು ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಹೋದ ಭಾನುವಾರ ಭುಜ ನೋವು ಎಂದು ನಾಟಕ ಮಾಡಿ ನನ್ನ ಕಾರಿನ ಕೀಲಿ ನಿಮಗೆ ಕೊಟ್ಟದ್ದು. ಅದೇ ರಸ್ತೆ, ಅದೇ ಬಂಕು. ಹಿಂದಿನ ವಾರ ನಾನೊಬ್ಬನೇ ಹೋಗಿ ಪ್ರಾಮಾಣಿಕವಾಗಿ ಓಡಿಸಿ ಬಂದಿದ್ದೆ — ಹತ್ತೂವರೆಯೂ ಪೂರ್ತಿ ಬರಲಿಲ್ಲ. ನಿಮ್ಮ ಸಲ ನಾನೇ ಹೊರಡುವಾಗಲೂ ಬಂದಾಗಲೂ ಮೈಯೆಲ್ಲ ಬೆವರುವಂತೆ ಕಾರು ಅಲುಗಿಸಿದೆ. ಇನ್ನೊಂದು ಹನಿ ಇಳಿಯದು ಎನ್ನುವವರೆಗೆ ಪೈಪು ಬಿಡಿಸಲಿಲ್ಲ.

ಹನ್ನೊಂದೂವರೆ, ಮಾಮಾ! ಅರವತ್ತೇಳನೇ ವಯಸ್ಸಿನಲ್ಲಿ, ಎರಡು ವರ್ಷ ಸ್ಟೀರಿಂಗ್ ಮುಟ್ಟದ ಮೇಲೆ, ನನ್ನದೇ ಕಾರಿನಲ್ಲಿ ನೀವು ನನ್ನನ್ನು ಸೋಲಿಸಿದಿರಿ! ಲಾರಿಗಳ ಹಿಂದೆ ಬ್ರೇಕೇ ಮುಟ್ಟದೆ ವೇಗ ಇಳಿಸಿದ್ದು, ಏರು ಬರುವ ಮೊದಲೇ ತಿಳಿದುಕೊಂಡದ್ದು — ಆ ಕಾಲಿಗೆ ಏನಾಗಿದೆ? ನನ್ನ ಕಣ್ಣಲ್ಲಿ ನೀರು ಬಂತು. ಚೀಟಿ ನಿಮ್ಮ ಕೈಗಿಟ್ಟೆ. ನೀವು ಅದನ್ನು ಓದಿ, ಮಡಚಿ, ಕೀಲಿ ವಾಪಸ್ ಕೊಟ್ಟು ಅಂದಿರಿ:

“ಆದ್ರೂ ನಿನ್ನ ಹದಿನಾಕಕ್ಕ ಎರಡೂವರಿ ಕಮ್ಮಿ ಆತು, ಬಿಡು.”

ಗೆದ್ದ ಮನುಷ್ಯ ಸೋತೆ ಎಂದುಕೊಂಡು ಎಡಗಡೆ ಸೀಟಿನಲ್ಲಿ ಹೋಗಿ ಕೂತ. ಅಲ್ಲಿಯೂ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ಕಾರು ನೋಡಲು ಶನಿವಾರ ಜನ ಬರುತ್ತಾರೆ ಎಂದು ಮಾಮಿ ಫೋನಿನಲ್ಲಿ ಹೇಳಿದರು. ನಾನು ನಾಳೆಯೇ ಬರುತ್ತೇನೆ. ಇದನ್ನು ನಿಮ್ಮಿಬ್ಬರ ಎದುರಿಗೆ ನಾನೇ ಓದುತ್ತೇನೆ, ಕವರಿನಲ್ಲಿಟ್ಟು ಓಡಿಹೋಗುವುದಿಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಕಾರು ಇಟ್ಟುಕೊಳ್ಳುವುದೋ ಮಾರುವುದೋ, ಅದು ನಿಮ್ಮಿಷ್ಟ. ಆದರೆ ಕಾಲು ಕೆಟ್ಟಿತು ಎಂದು ಮಾತ್ರ ಮಾರಬೇಡಿ ಮಾಮಾ. ಮಾರುವುದಾದರೆ, ಸೋದರಳಿಯ ಕೆಟ್ಟವನಾದ ಎಂದು ಮಾರಿ.